‘ಪೂರ್ತಿ ತೆಗೆದುಬಿಟ್ಟರೆ ನಿಶ್ಚಿಂತೆ’ ಅಂದರು ಡಾಕ್ಟರು

ಗಿರಿಜಾ 46 ವರ್ಷದವರು (ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ). ತಾಲ್ಲೂಕು ಕೇಂದ್ರವೊಂದರಲ್ಲಿ ಬ್ಲೌಸ್ ಹೊಲಿಯುತ್ತಾರೆ. ಎಡ ಸ್ತನದಲ್ಲಿ ಎರಡು ಸೆಂಟಿಮೀಟರಿಗಿಂತ ಚಿಕ್ಕ ಗಂಟು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತ, ಕಂಕುಳಲ್ಲಿ ಏನೂ ಕಂಡಿರಲಿಲ್ಲ. ಪೂರ್ತಿ ಸ್ತನ ತೆಗೆಯಲು ಸರ್ಜನ್ ಮುಂದಿನ ವಾರಕ್ಕೇ ದಿನ ಕೊಟ್ಟಿದ್ದರು. ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆತಂದವರು ಗಂಡ. “ಊಟ ಬಿಟ್ಟಿದ್ದಾಳೆ ಮೇಡಂ, ಹೇಗಾದರೂ ಆಪರೇಷನ್ನಿಗೆ ಒಪ್ಪಿಸಿ.” ಒಪ್ಪಿಸುವುದು ನನ್ನ ಕೆಲಸವಲ್ಲ ಎಂದು ಅವರಿಗೆ ತಿಳಿಸಿ, ಗಿರಿಜಾ ಅವರೊಬ್ಬರನ್ನೇ ಕೂರಿಸಿಕೊಂಡೆ.

ಆಪರೇಷನ್ನಿಗೆ ಅವರು ಹೆದರಿರಲಿಲ್ಲ. “ಗಂಟು ಮಾತ್ರ ತೆಗೆಯೋಕಾಗಲ್ವಾ ಅಂತ ಕೇಳಿದೆ. ಈ ವಯಸ್ಸಲ್ಲಿ ಅದ್ಯಾಕಮ್ಮ, ಮಕ್ಕಳು ದೊಡ್ಡವರಾಗಿದ್ದಾರೆ, ಪೂರ್ತಿ ತೆಗೆದುಬಿಟ್ಟರೆ ನಿಶ್ಚಿಂತೆ ಅಂದರು. ಅತ್ತೆ, ನಾದಿನಿ ಎದುರಿಗೇ ಇದ್ದರು. ಆಮೇಲೆ ನಾನು ಬಾಯಿ ತೆಗೀಲಿಲ್ಲ.” ಪೂರ್ತಿ ತೆಗೆಸಿಕೊಂಡಿದ್ದ ನೆರೆಯಾಕೆಗೆ ಒಂದು ಕಡೆ ಹತ್ತಿ ತುಂಬಿದ ಬ್ಲೌಸ್ ಹೊಲಿದುಕೊಟ್ಟವರು ಇವರೇ. ಅಳತೆ ತೆಗೆಯುವಾಗ ಆಕೆ ಗೋಡೆ ಕಡೆ ಮುಖ ಮಾಡಿ ನಿಂತಿದ್ದರಂತೆ. “ಜೀವ ಉಳಿದರೆ ಸಾಕು ಅನ್ನಬೇಕಾದ ಹೊತ್ತಲ್ಲಿ ಇದನ್ನ ಯೋಚಿಸ್ತೀನಲ್ಲ, ನಾನೆಂಥವಳು?”

ನಾನು ಮೊದಲು ಹಿಡಿದದ್ದು ಈ ನಾಚಿಕೆಯನ್ನೇ. ತನ್ನ ದೇಹ ಇದ್ದಂತೆ ಇರಲಿ ಎಂದು ಬಯಸುವುದಕ್ಕೆ ವಯಸ್ಸಿನ ಮಿತಿಯಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಹೇಳಿದೆ. ಜೀವವೋ ಸ್ತನವೋ ಎಂದು ಆರಿಸಿಕೊಳ್ಳಬೇಕಾಗಿದೆ ಎಂದು ಅವರು ನಂಬಿದ್ದರು. ಆರಂಭದ ಹಂತದ ಬಹುಪಾಲು ಗಂಟುಗಳಲ್ಲಿ ಆ ಆಯ್ಕೆಯೇ ಎದುರಾಗುವುದಿಲ್ಲ. ಇಟಲಿಯ ಮಿಲಾನ್‌ನಲ್ಲಿ ಸರ್ಜನ್ ಉಂಬರ್ಟೊ ವೆರೊನೇಸಿ 1973ರಿಂದ 1980ರವರೆಗೆ, ಗಂಟು ಎರಡು ಸೆಂಟಿಮೀಟರ್ ಮೀರದ 701 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಪೂರ್ತಿ ಸ್ತನ, ಇನ್ನೊಂದರಲ್ಲಿ ಗಂಟಿರುವ ಭಾಗವನ್ನಷ್ಟೇ ತೆಗೆದು ಹೋಲಿಸಿದರು. ಇಪ್ಪತ್ತು ವರ್ಷಗಳ ಫಲಿತಾಂಶ 2002ರಲ್ಲಿ ಬಂತು. ಎರಡೂ ಗುಂಪಿನಲ್ಲಿ ಬದುಕುಳಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಗಂಟಿರುವ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟ 352 ಮಂದಿಯಲ್ಲಿ 30 ಜನಕ್ಕೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು. ಪೂರ್ತಿ ತೆಗೆದ 349ರಲ್ಲಿ 8 ಜನಕ್ಕೆ ಆ ಜಾಗದಲ್ಲಿ ಮರಳಿತು. ಈ 30ನ್ನೂ ಅವರಿಂದ ಮುಚ್ಚಿಡಲಿಲ್ಲ. ಮರುಕಳಿಸಿದರೆ ಮತ್ತೆ ಆಪರೇಷನ್ ಬೇಕಾಗುತ್ತದೆ, ಆಗ ಪೂರ್ತಿ ತೆಗೆಯಬೇಕಾಗಿ ಬರಬಹುದು ಎಂದೂ ಹೇಳಿದೆ.

ಹಾಗಿದ್ದರೆ ಸರ್ಜನ್ ಯಾಕೆ ಹಾಗಂದರು? ಗಿರಿಜಾ ಅವರ ಒಪ್ಪಿಗೆ ಪಡೆದು ನಾನೇ ಫೋನ್ ಮಾಡಿದೆ. ಅವರು ಸಿಡುಕಲಿಲ್ಲ. “ನಮ್ಮಲ್ಲಿ ರೇಡಿಯೇಷನ್ ಯಂತ್ರ ಇಲ್ಲ. ದೂರದೂರಿಗೆ ಕಳಿಸಿದವರಲ್ಲಿ ಎಷ್ಟೋ ಜನ ಅರ್ಧಕ್ಕೇ ಬಿಟ್ಟು ಬರ್ತಾರೆ. ಮರುಕಳಿಸಿದರೆ ನನ್ನ ಮುಂದೇ ಬಂದು ಕೂರ್ತಾರೆ.” ಈ ಆತಂಕ ಸುಳ್ಳಲ್ಲ. ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಶರ್ ಅವರ ಅಧ್ಯಯನದಲ್ಲಿ, ಗಂಟು ತೆಗೆದು ರೇಡಿಯೇಷನ್ ಕೊಡದೆ ಬಿಟ್ಟವರಲ್ಲಿ 20 ವರ್ಷದೊಳಗೆ ಶೇ. 39ರಷ್ಟು ಜನಕ್ಕೆ ಅದೇ ಸ್ತನದಲ್ಲಿ ಮರುಕಳಿಸಿತು; ರೇಡಿಯೇಷನ್ ಪಡೆದವರಲ್ಲಿ ಅದು ಶೇ. 14. ಇನ್ನೊಂದು ಕಾರಣವನ್ನು ಗಿರಿಜಾ ಅವರ ಸರ್ಜನ್ ಬಾಯಿಬಿಟ್ಟು ಹೇಳದಿದ್ದರೂ ನನಗೆ ಕೇಳಿಸಿತು: ‘ಹೆಚ್ಚು ತೆಗೆದಷ್ಟೂ ಕ್ಷೇಮ’ ಎಂಬ ಹಳೆಯ ನಂಬಿಕೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಎದೆಯ ಸ್ನಾಯುವನ್ನೂ ಸೇರಿಸಿ ತೆಗೆಯುವುದನ್ನು ರೂಢಿಗೆ ತಂದ ಮೇಲೆ ತಲೆಮಾರುಗಟ್ಟಲೆ ಸರ್ಜನ್‌ಗಳು ಕಲಿತದ್ದು ಅದನ್ನೇ. ಕೈ ಯಾವುದಕ್ಕೆ ಪಳಗಿದೆಯೋ ಮನಸ್ಸೂ ಅದನ್ನೇ ನಂಬುತ್ತದೆ.

ರೇಡಿಯೇಷನ್ನಿಗೆ ದೂರ ಹೋಗಬೇಕೆಂಬ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ‘ಈ ವಯಸ್ಸಲ್ಲಿ ಅದ್ಯಾಕಮ್ಮ’ ಅನ್ನುವ ಮಾತಿಗೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಅದನ್ನು ಆಡಲೇಬಾರದಿತ್ತು.

ಹಾಗಾಗಿ ನಾನು ಕೊಟ್ಟ ಮುಖ್ಯ ಸಲಹೆ ಇಷ್ಟು: ಡಾಕ್ಟರ ಕಾರಣಗಳಲ್ಲಿ ಗಂಟಿಗೆ ಸೇರಿದ್ದು ಯಾವುದು, ನಿಮ್ಮ ಪರಿಸ್ಥಿತಿಗೆ ಸೇರಿದ್ದು ಯಾವುದು ಎಂದು ಬೇರೆ ಮಾಡಿ ಕೇಳಿ. ಸ್ತನದ ಬೇರೆ ಬೇರೆ ಭಾಗದಲ್ಲಿ ಗಂಟುಗಳಿದ್ದರೆ, ಆ ಜಾಗಕ್ಕೆ ಹಿಂದೆಯೇ ರೇಡಿಯೇಷನ್ ಆಗಿದ್ದರೆ, ಸ್ತನದ ಅಳತೆಗೆ ಗಂಟು ತೀರಾ ದೊಡ್ಡದಾಗಿದ್ದು ಕೀಮೋದಿಂದಲೂ ಕುಗ್ಗದಿದ್ದರೆ ಅವು ಗಂಟಿಗೆ ಸೇರಿದ ಕಾರಣಗಳು. ಅಲ್ಲಿ ಪೂರ್ತಿ ತೆಗೆಯುವುದೇ ಸರಿಯಾಗಬಹುದು. ದೂರ, ಖರ್ಚು, ಜೊತೆಗೆ ಬರುವವರಿಲ್ಲದಿರುವುದು ಪರಿಸ್ಥಿತಿಗೆ ಸೇರಿದ್ದು. ಅದಕ್ಕೆ ಮನೆಯವರು ದಾರಿ ಹುಡುಕಬಹುದು. ಎರಡನೇ ಅಭಿಪ್ರಾಯಕ್ಕೆ ಒಂದೆರಡು ವಾರ ತೆಗೆದುಕೊಂಡರೆ ಕೆಡುಕಿಲ್ಲ, ತಿಂಗಳುಗಟ್ಟಲೆ ಮುಂದೂಡಬಾರದು. ಸರ್ಜನ್, ರೇಡಿಯೇಷನ್ ವೈದ್ಯರು, ಕೀಮೋ ವೈದ್ಯರು ಒಟ್ಟಿಗೆ ಕೂತು ಚರ್ಚಿಸುವ ಕಡೆ ಹೋಗಿ. ಎಲ್ಲ ಕೇಳಿದ ಮೇಲೂ ‘ಪೂರ್ತಿ ತೆಗೆಯಿರಿ’ ಎಂದು ನಿಮಗೇ ಅನ್ನಿಸಿದರೆ ಅದೂ ಒಳ್ಳೆಯ ತೀರ್ಮಾನವೇ, ಅದು ನಿಮ್ಮದಾಗಿರಬೇಕು ಅಷ್ಟೆ.

ಗಂಡನ ಜೊತೆ ಬೇರೆಯಾಗಿ ಕೂತೆ. ಅವರಿಗೆ ಖರ್ಚಿನದೇ ಚಿಂತೆ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ವಿಷಯ ತಿಳಿಸಿದೆ. ರೇಡಿಯೇಷನ್ ಈಗ ಹೆಚ್ಚಿನವರಿಗೆ ಐದಾರು ವಾರ ಹಿಡಿಯುವುದಿಲ್ಲ, ಮೂರು ವಾರದಲ್ಲಿ 15 ಸಲ ಕೊಟ್ಟು ಮುಗಿಸುತ್ತಾರೆ ಎಂದಾಗ ಅವರ ಮುಖ ಸಡಿಲವಾಯಿತು. “ಮೂರು ವಾರ ತಾನೇ, ನಮ್ಮಕ್ಕನ ಮನೇಲಿ ಉಳ್ಕೋತೀವಿ.” ಪೂರ್ತಿ ತೆಗೆದರೂ ಕಂಕುಳ ಗ್ರಂಥಿಗಳಲ್ಲಿ ರೋಗ ಸಿಕ್ಕರೆ ರೇಡಿಯೇಷನ್ ಬೇಕಾಗಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಎರಡನೇ ಆಸ್ಪತ್ರೆಯ ತಂಡ ಗಂಟು ಮಾತ್ರ ತೆಗೆಯಬಹುದೆಂದಿತು. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಕಣ ಕಂಡರೆ ಮತ್ತೊಮ್ಮೆ ಆಪರೇಷನ್ ಎಂದು ಮೊದಲೇ ತಿಳಿಸಿದರು, ಅದು ಬೇಕಾಗಲಿಲ್ಲ. ಗಿರಿಜಾ ಒಂದು ದಿನವೂ ತಪ್ಪಿಸದೆ ರೇಡಿಯೇಷನ್ ಮುಗಿಸಿದರು.

ಈಗಲೂ ನನ್ನ ಬಳಿ ಬರುತ್ತಾರೆ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಹತ್ತಿರವಾದಾಗ ನಿದ್ದೆ ಕೆಡುತ್ತದೆ, ‘ಉಳಿಸಿಕೊಂಡು ತಪ್ಪು ಮಾಡಿದೆನಾ’ ಎನ್ನುತ್ತಾರೆ. ಆ ಭಯವನ್ನು ನಾನು ಹುಸಿ ಧೈರ್ಯದಿಂದ ಮುಚ್ಚುವುದಿಲ್ಲ. ಪರೀಕ್ಷೆಯ ದಿನವೇ ರಿಪೋರ್ಟ್ ಕೇಳಿ ಪಡೆಯಿರಿ, ಒಬ್ಬರೇ ಹೋಗಬೇಡಿ, ಆ ವಾರ ಅರ್ಜೆಂಟ್ ಹೊಲಿಗೆ ಒಪ್ಪಿಕೊಳ್ಳಬೇಡಿ ಎಂದಿದ್ದೇನೆ. ಹೋದ ಸಲ ಜೊತೆಗೆ ಹೋದದ್ದು ನಾದಿನಿ.