ಜಾಹೀರಾತು ನೋಡಿ ನಮ್ಮ ಸೌಂದರ್ಯದ ಕಲ್ಪನೆ ನಿಜವಾಗಿಯೂ ಬದಲಾಗುತ್ತಾ?

ಬದಲಾಗುತ್ತೆ. ಆದರೆ ಹೊಸ ಆಸೆ ಹುಟ್ಟಿಸುವುದಕ್ಕಿಂತ, ಮೊದಲೇ ಇರುವ ಕೀಳರಿಮೆಗೆ ನೀರೆರೆಯುವುದೇ ಜಾಸ್ತಿ. ಫೇರ್ ಅಂಡ್ ಲವ್ಲಿ ಬಂದಿದ್ದು 1975ರಲ್ಲಿ. ಬೆಳ್ಳಗಿರುವ ಸೊಸೆಯೇ ಬೇಕು ಅನ್ನುವ ಹಂಬಲ ಅದಕ್ಕೂ ಮೊದಲೇ ಇತ್ತು. ಟಿವಿ ಜಾಹೀರಾತು ಅದಕ್ಕೊಂದು ಕಥೆ ಕಟ್ಟಿಕೊಟ್ಟಿತು: ಕಪ್ಪು ಹುಡುಗಿ, ಬಾಡಿದ ಮುಖ, ಕೆಲಸವೂ ಇಲ್ಲ, ಗಂಡೂ ಒಪ್ಪಿಲ್ಲ. ಕ್ರೀಮ್ ಹಚ್ಚಿದಳು, ಕೆಲವೇ ವಾರದಲ್ಲಿ ಎಲ್ಲ ಕೈಗೆ ಬಂತು. ಎಷ್ಟು ಓದಿದರೂ ಬಣ್ಣ ಇಲ್ಲದಿದ್ದರೆ ಬೆಲೆಯಿಲ್ಲ ಅಂತ ಪುಟ್ಟ ಮಕ್ಕಳೂ ಅದರಿಂದ ಕಲಿತರು. ನನಗೆ ತುಂಬಾ ನೋವಾಗುವುದು ಇದಕ್ಕೇ.

ಕಪ್ಪು ಮೈಬಣ್ಣವನ್ನು ಕೀಳಾಗಿ ತೋರಿಸಬಾರದು ಅಂತ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಕ್ರೀಮಿನ ಹೆಸರೂ ಗ್ಲೋ ಅಂಡ್ ಲವ್ಲಿ ಆಯ್ತು. ಆದರೂ ಎಷ್ಟೋ ಫೋನ್ ಫಿಲ್ಟರ್‌ಗಳು ಇವತ್ತಿಗೂ ಕೇಳದೇನೇ ಮುಖ ಬೆಳ್ಳಗೆ ಮಾಡುತ್ತವೆ, ಅಲ್ವಾ?