‘ಸುರಿಯಿರಿ’ ಎಂದವರು ಯಾರು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ (ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಎರಕದ ಕಾರ್ಖಾನೆ) ಶಿಫ್ಟ್ ಇನ್‌ಚಾರ್ಜ್ ಆಗಿದ್ದೇನೆ, ವಯಸ್ಸು 28. ಮೂವತ್ತು ವರ್ಷಗಳಿಂದ ಇಲ್ಲೇ ಇರುವ ಮ್ಯಾನೇಜರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅವರ ಆದೇಶವೆಲ್ಲ ಬಾಯಿಮಾತಿನದು. ಮಳೆಗಾಲದಲ್ಲಿ ಅಚ್ಚು ಕಟ್ಟುವ ಮರಳಿನ ತೇವ ಹೆಚ್ಚಾಗಿದೆ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದೆ. ‘ನಡೆಯುತ್ತದೆ, ಸುರಿಯಿರಿ’ ಎಂದು ಕಾಕಾ ಬಾಯಲ್ಲೇ ಹೇಳಿದರು, ಈಗ ಹಾಗೆ ಹೇಳಿಯೇ ಇಲ್ಲ ಎನ್ನುತ್ತಾರೆ. ಪಂಪ್ ಕೇಸಿಂಗ್‌ಗಳಲ್ಲಿ (ಪಂಪಿನ ಹೊರಕವಚ) ಗಾಳಿತೂತು ಬಿದ್ದು ಮಾಲು ವಾಪಸ್ ಬಂತು. ಎಲ್ಲರೆದುರು ಬೈಗುಳ ತಿಂದವನು ನಾನು. ಅಚ್ಚು ಕಟ್ಟುವ ಇಬ್ಬರು ಮೋಲ್ಡರ್‌ಗಳ ಸಂಬಳವನ್ನೂ ಕಡಿತ ಮಾಡಿದರು. ಇಂಥವರ ಕೈಕೆಳಗೆ ಕೆಲಸ ಮಾಡುವುದು ಹೇಗೆ?

ಉತ್ತರ: ಮೊದಲು ಆ ಇಬ್ಬರ ಸಂಬಳದ ಮಾತು. ಅದು ನಿಮ್ಮ ಬೇಸರಕ್ಕಿಂತ ದೊಡ್ಡದು. ದಂಡವಾಗಲಿ, ನಷ್ಟದ ಹೆಸರಿನ ಕಡಿತವಾಗಲಿ, ಕೆಲಸಗಾರನ ವಿವರಣೆ ಕೇಳದೆ ಮಾಡುವಂತಿಲ್ಲ. ದಂಡವಂತೂ ಆ ಅವಧಿಯ ವೇತನದ ಶೇ 3ನ್ನು ಮೀರುವಂತಿಲ್ಲ. ಕಾನೂನು ಹಾಗೆ ಹೇಳುತ್ತದೆ. ಮಾಲಕರ ಬಳಿ ಇದನ್ನು ನೀವೇ ಎತ್ತಬೇಕು, ಏಕೆಂದರೆ ಶಿಫ್ಟ್ ನಿಮ್ಮದಾಗಿತ್ತು.

ಇನ್ನು ಕಾಕಾ. ಮರಳನ್ನು ಮುಷ್ಟಿಯಲ್ಲಿ ಹಿಸುಕಿ, ಮುರಿದು, ಅಂಚು ನೋಡಿ ತೇವ ಹೇಳುವ ಕೈ ಅವರದು. ಆ ವಿದ್ಯೆಯನ್ನು ನಾನು ಗೌರವಿಸುತ್ತೇನೆ. ಕುಲುಮೆಯ ಬಿಸಿಯಲ್ಲಿ ನಿಂತು ಕಲಿತವರಿಗೆ, ಕೆಲಸದ ಪಕ್ಕದಲ್ಲಿ ನಿಲ್ಲುವುದೇ ಹೊಣೆ ಹೊತ್ತಂತೆ. ಕಾಗದ ಎಂದರೆ ಅವರಿಗೆ ಅಪನಂಬಿಕೆಯಂತೆ ಕೇಳಿಸುತ್ತದೆ. ಆದರೆ ಎರಕದ ಕೆಲಸದಲ್ಲಿ ಒಂದು ತೊಡಕಿದೆ. ಸುಮಾರು 1,400 ಡಿಗ್ರಿಯ ಲೋಹ ಹಸಿ ಅಚ್ಚಿಗೆ ಬಿದ್ದೊಡನೆ ನೀರು ಆವಿಯಾಗುತ್ತದೆ, ಹೊರದಾರಿ ಸಿಗದ ಆವಿ ಲೋಹದೊಳಗೆ ಸೇರುತ್ತದೆ. ಒಳಗಿನ ತೂತು ಕಣ್ಣಿಗೆ ಬೀಳುವುದು ಎಷ್ಟೋ ದಿನಗಳ ಮೇಲೆ, ಮಷಿನ್‌ನಲ್ಲಿ ಮೇಲ್ಪದರ ತೆಗೆದಾಗ. ಅಷ್ಟರಲ್ಲಿ ‘ಸುರಿಯಿರಿ’ ಎಂಬ ಮಾತು ಯಾರದೆಂಬುದು ಅವರವರ ನೆನಪಿನಲ್ಲಿ ಅವರವರಿಗೆ ಬೇಕಾದಂತೆ ಕೂತಿರುತ್ತದೆ. ಕಾಕಾ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ನಿಜವಾಗಿಯೂ ನೆನಪಿಲ್ಲದಿರಬಹುದು.

ನಿಮ್ಮದೂ ಒಂದು ತಪ್ಪಿದೆ, ಬೇಸರಪಡಬೇಡಿ. ಗುಂಪಿನಲ್ಲಿ ಸಂದೇಶ ಹಾಕಿ ಹೊಣೆ ಕಳೆದುಕೊಂಡಿರಿ. ಇದು ನಿಮ್ಮ ವಯಸ್ಸಿನ ಅನೇಕರಲ್ಲಿ ನಾನು ಕಾಣುವ ಅಭ್ಯಾಸ. ಮರಳು ಕೆಟ್ಟಿದೆ ಎಂದು ಗೊತ್ತಿದ್ದರೂ ಅಚ್ಚು ಕಟ್ಟಿಸಿದಿರಿ. ನಿಲ್ಲಿಸುವ ಅಧಿಕಾರ ನಿಮಗಿದೆಯೇ ಎಂದು ಯಾರನ್ನೂ ಕೇಳಲಿಲ್ಲ.

ಚಹಾದ ಹೊತ್ತಿನಲ್ಲಿ ಒಬ್ಬರೇ ಹೋಗಿ, ‘ಕಾಕಾ, ಮುಷ್ಟಿ ನೋಡುವುದನ್ನು ನನಗೂ ಕಲಿಸಿ’ ಎಂದು ಕೇಳಿ. ಇದನ್ನು ಉಪಾಯವಾಗಿ ಅಲ್ಲ, ಕಲಿಯುವ ಮನಸ್ಸಿನಿಂದಲೇ ಕೇಳಿ. ಹೀಟ್ ನಂಬರ್ (ಪ್ರತಿ ಸಲ ಕರಗಿಸಿದ ಲೋಹದ ಸಂಖ್ಯೆ) ಬರೆಯುವ ರಿಜಿಸ್ಟರಿನಲ್ಲೇ ಇನ್ನೆರಡು ಕಾಲಂ ಎಳೆಯಿರಿ: ತೇವಮಾಪಕದ ಅಂಕಿ ಒಂದರಲ್ಲಿ, ಕಾಕಾ ಕೈ ಹೇಳಿದ್ದು ಇನ್ನೊಂದರಲ್ಲಿ. ಕೆಳಗೆ ಇಬ್ಬರ ಸಹಿ, ಮೊದಲು ನಿಮ್ಮದು. ‘ಎಲ್ಲರೆದುರು ನನ್ನನ್ನು ಬೈಯಬೇಡಿ’ ಎಂಬ ಮಾತನ್ನು ಅದೇ ದಿನ ತೆಗೆಯಬೇಡಿ. ಕೆಲವು ಹೀಟ್‌ಗಳು ಚೆನ್ನಾಗಿ ಇಳಿಯಲಿ.

ಎರಡೂ ಕಾಲಂ ತಾಳೆಯಾಗದ ದಿನ ಕುಲುಮೆ ಏರಿಸುವ ಮುನ್ನವೇ ಮಾಲಕರಿಗೆ ಫೋನ್ ಮಾಡಿ, ಕಾಕಾ ಪಕ್ಕದಲ್ಲಿದ್ದು ಕೇಳಿಸಿಕೊಳ್ಳುವಂತೆ.