ವಲಸೆ ಹೋದ ಆಫ್ರಿಕಾ ಮೂಲದವರಿಗೆ ಬಿಪಿ ಜಾಸ್ತಿ ಆಗುವುದು ವಂಶದಿಂದಲೋ, ಊಟದಿಂದಲೋ?

ಬರೀ ವಂಶದ ಮೇಲೆ ಹಾಕಿದರೆ ಲೆಕ್ಕ ತಾಳೆಯಾಗುವುದಿಲ್ಲ. 1990ರ ದಶಕದಲ್ಲಿ ಪಶ್ಚಿಮ ಆಫ್ರಿಕಾ ಮೂಲದವರ ಬಿಪಿಯನ್ನು ಮೂರು ಕಡೆ ಅಳೆದು ನೋಡಿದರು. ಬಿಪಿ ಇದ್ದವರು ಪಶ್ಚಿಮ ಆಫ್ರಿಕಾದಲ್ಲಿ ಶೇ. 16, ಕೆರಿಬಿಯನ್ ದ್ವೀಪಗಳಲ್ಲಿ ಶೇ. 26, ಅಮೆರಿಕದಲ್ಲಿ ಶೇ. 33. ಮೂಲ ಒಂದೇ, ಅಲ್ವಾ? ಮೈತೂಕವೂ ಅದೇ ಕ್ರಮದಲ್ಲಿ ಏರಿತ್ತು.

ಆದರೆ ನನಗೆ ಇದಕ್ಕಿಂತ ಗಟ್ಟಿ ಪುರಾವೆ ಅನಿಸುವುದು ಕೀನ್ಯಾದ ಲುವೊ ಜನರದ್ದು. ಅವರು ದೇಶ ಬಿಟ್ಟವರೂ ಅಲ್ಲ, ಸುಮ್ನೆ ಹಳ್ಳಿಯಿಂದ ನೈರೋಬಿಗೆ ಬಂದವರು. ಬಂದ ಕೆಲವೇ ವಾರಗಳಲ್ಲಿ ಅವರ ಬಿಪಿ ಊರಲ್ಲೇ ಉಳಿದವರಿಗಿಂತ ಮೇಲೆ ಹೋಗಿತ್ತು. ಇಷ್ಟು ಬೇಗ ವಂಶ ಬದಲಾಗುತ್ತದಾ? ಮೂತ್ರ ಪರೀಕ್ಷೆಯಲ್ಲಿ ಸೋಡಿಯಂ ಜಾಸ್ತಿ, ಪೊಟ್ಯಾಸಿಯಂ ಕಮ್ಮಿ. ಅಂದರೆ ಊಟದಲ್ಲಿ ಉಪ್ಪು ಏರಿದೆ, ಸೊಪ್ಪು, ಕಾಳು, ಹಣ್ಣಿನಂಥವು ಇಳಿದಿವೆ.

ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ರಕ್ತನಾಳದ ಗೋಡೆಗೆ ಒತ್ತಡ ಬೀಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಗೋಡೆ ದಪ್ಪವಾಗಿ, ಗಡುಸಾಗುತ್ತದೆ. ಪೊಟ್ಯಾಸಿಯಂ ಇದ್ದರೆ ಕಿಡ್ನಿ ಹೆಚ್ಚಿನ ಸೋಡಿಯಂ ಹೊರಹಾಕುತ್ತದೆ, ರಕ್ತನಾಳವೂ ಸಡಿಲವಾಗುತ್ತದೆ. ಹೊಸದಾಗಿ ಬಂದವರ ನಾಡಿಬಡಿತವೂ ಏರಿತ್ತು. ಹಾಗಾಗಿ ನಗರದ ಟೆನ್ಷನ್ನನ್ನೂ ಬಿಡುವಂತಿಲ್ಲ.